ಎರಡನೇ ಕೋಣೆಯ ದನಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿಗೆ, ಕಿವಿಗೂ ರೆಪ್ಪೆ ಇರಬಾರದಿತ್ತೇ ಅನಿಸಿತು. ಪಕ್ಕದಲ್ಲಿ ಅಕ್ಕ-ತಮ್ಮ ಮಾತಾಡುತ್ತಿದ್ದರು.

"ಸ್ಪರ್ಧೆಯವರು ನಾನು ಮಾಡಿ ಕಳಿಸಿದ ಗೇಮ್ ತೆರೆದಿದ್ದು ಹನ್ನೊಂದೇ ಸೆಕೆಂಡು ಅಂತ ತೋರಿಸ್ತಿದೆ ಕಣೋ."

"ಯಾಕಂತೆ?"

"ಶುರುವಿಗೇ ಅದನ್ನ ಮಾಡೋಕೆ ಬಳಸಿದ ಸಾಫ್ಟ್‌ವೇರ್ ಹೆಸರು ಬರುತ್ತಲ್ಲ. ಕಲಿಯೋ ಮಕ್ಕಳ ಸಾಫ್ಟ್‌ವೇರ್ ಅಂತ ಮೂಗು ಮುರಿದು ಮುಚ್ಚಿಬಿಟ್ರು."

"ಆಡದೇನೇ ತೀರ್ಮಾನವಾ? ಅವರ ಮನೆ ಹಾಳಾಗ! ನನಗಂತೂ ತುಂಬಾ ಹಿಡಿಸ್ತು ಅಕ್ಕ."

"ಗೇಮಿನ ಎರಡನೇ ಕೋಣೆಯಲ್ಲಿ ಕರೆಯೋ ದನಿ ಯಾರದು, ಗೊತ್ತಾಯ್ತಾ?"

"ಅದು... ನಿಂದೇ ಅಲ್ವಾ?"

"ಅಮ್ಮಂದು ಕಣೋ. ತೀರಿಕೊಳ್ಳೋ ಮುಂಚಿನ ವಾರ ನಿನ್ನ ಹೆಸರು ಹಿಡಿದೇ ಕರೀತಿದ್ದಳಲ್ಲ, ಆಗ ರೆಕಾರ್ಡ್ ಮಾಡಿಟ್ಟಿದ್ದೆ."

ನರ್ಸ್ ಒಳಗಿಂದ ಅಕ್ಕನ ನಂಬರ್ ಕೂಗಿದಳು.

"ಕೈ ಕೊಡು ಅಕ್ಕ, ಹನಿ ಹಾಕಿದ್ದಾರೆ, ಕಣ್ಣು ಮಂಜಾಗಿರುತ್ತೆ."

"ಬೇಡ, ಕಾಣಿಸ್ತಿದೆ."

ಒಬ್ಬಳದೇ ಚಪ್ಪಲಿಯ ಸದ್ದು ದೂರವಾಯಿತು.