ಬಾವಿ ಅಳೀಲಾಕ ಬಂದ ಓವರ್‌ಸಿಯರ್

ದೀಪ ಸಣ್ಣ ಮಾಡ್ರಿ… ಹಾಂ, ಅಷ್ಟು ಸಾಕು. ಇದು ಯಾರೋ ಕಟ್ಟಿದ ಕತಿ ಅಲ್ಲ. ನಮ್ಮವ್ವನ ಸ್ವಂತ ಅಣ್ಣ ಕಲ್ಯಾಣಪ್ಪ ಮಾವನ ಮನ್ಯಾಗ ಆದದ್ದು. ಆಗ ಕಲಬುರ್ಗಿ ನಿಜಾಮರ ಕೈಯಾಗಿತ್ತು.

ಮಾವ ಅಡತಿ ಅಂಗಡ್ಯಾಗ ಜ್ವಾಳ ತೂಗ್ತಿದ್ದ. ಅಂಗಡಿ ಮುಚ್ಚಿ ಮನಿಗಿ ಬರಬೇಕಾದ್ರ ಮೋಮಿನಪುರ ದಾಟಿ, ಓಣಿ ಬಾಯಾಗಿನ ಸರಕಾರಿ ಬಾವಿ ಮುಂದ ಹಾದು ಬರಬೇಕು. ಆ ಬಾವಿ ಕಟ್ಟಿ ಒಂದು ಮಗ್ಗಲ ಪೂರಾ ಕುಸಿದಿತ್ತು. ನೆಲ ಎಲ್ಲಿ ಮುಗೀತದ, ಬಾವಿ ಎಲ್ಲಿ ಸುರು ಆಗ್ತದ… ಕತ್ತಲಾಗ ತಿಳೀತಿರ್ಲಿಲ್ಲ. ಅವನ ಹೆಂಡ್ತಿ ಜಯದೇವಿಗಿ ಇರುಳುಗಣ್ಣು. ಹೊತ್ತು ಮುಳುಗಿದ್ರ ಆಕಿಗಿ ತನ್ನ ಕೈಯಾಗಿನ ಕೊಡ ಸುದ್ದಾ ಕಾಣ್ತಿರ್ಲಿಲ್ಲ.

ಓಣಿ ಮಂದಿ ಸುಮ್ನ ಕುಂತಿರ್ಲಿಲ್ಲ ಮತ್ತ. ದರ್ಜಿ ಜಹೀರುದ್ದೀನ್‌ಗ ಉರ್ದು ಬರೀಲಾಕ ಬರ್ತಿತ್ತು. ಅವನ ಕೈಲೆ ದರಖಾಸ್ತು ಬರೆಸಿ, ಎರಡು ವರ್ಷದಾಗ ಮೂರು ಸಲ ಕಚೇರಿಗಿ ಕೊಟ್ಟು ಬಂದ್ರು. ಮೂರೂ ಸಲ ಮುನ್ಷೀದು ಒಂದೇ ಮಾತು: "ಓವರ್‌ಸಿಯರ್ ಬಂದು ಅಳೀಬೇಕು. ಅಳೀಲಾರದ ಒಂದು ಕಲ್ಲೂ ಇಡಂಗಿಲ್ಲ." ಒಮ್ಮಿ ತಾವೇ ಕಲ್ಲು ಒಟ್ಟಿದ್ರು. ಜವಾನ ಬಂದು ಕೀಳಿಸಿ ಹೋದ.

ಛಟ್ಟಿ ಅಮಾಸಿ ಮುಂದ… ಮಾವ ಒಬ್ಬನೇ ಮನಿಗಿ ಬರ್ಲಾಕತ್ತಾನ. ಖಳ್… ಖಳ್… ಖಳ್… ಕಬ್ಬಿಣದ ಸರಪಳಿ ಕಲ್ಲಿನ ಮ್ಯಾಲ ಎಳೆದಂಗ. ನೋಡ್ತಾನ, ಬಾವಿ ಹತ್ರ ಒಬ್ಬ ಬಗ್ಗಿ ನಿಂತಾನ. ಶೇರವಾನಿ, ರೂಮಿ ಟೋಪಿ. ಕಂದೀಲಿಲ್ಲ.

"ಯಾರ್ರೀ?"

"ಓವರ್‌ಸಿಯರ್." ಪಿಸುಗುಟ್ಟಿದಂಗ ದನಿ. "ಜರಾ ಅಳತಿ ಸರಪಳಿ ಈ ತುದಿ ಹಿಡೀರಿ."

ಮಾವಗ ಹೆದರಿಕಿ ಅಲ್ಲ, ಖುಷಿ ಆಯ್ತಂತ! ಎರಡು ವರ್ಷ ಕಾದ ಸಾಹೇಬ ಬಂದಾನ ಅಂತ ಓಡಿ ಹೋಗಿ ಹಿಡಿದ. ಸರಪಳಿ ತೊಯ್ದಿತ್ತು, ಹಿಮದಂಗ ತಣ್ಣಗಿತ್ತು. ಸಾಹೇಬ ಹಿಂದ… ಹಿಂದ… ಸರದ. ಕುಸಿದ ಕಡಿಗೇ.

"ಸಾಹೇಬ್ರ, ಅಲ್ಲಿ ನೆಲ ಇಲ್ರೀ!"

ಅವ ನಿಲ್ಲಲಿಲ್ಲ. ಸರಪಳಿ ಬಿಗಿ ಆಯ್ತು. ಬಾವಿ ಬಾಯಿ ಮ್ಯಾಲ… ನಟ್ಟ ನಡುವ… ನಿಂತಿದ್ದ ಅವ.

"ಯಾರಿಗಿ ತ್ರಾಸ ಅದ? ಹೆಸರು ಹೇಳ್ರಿ."

 ಮಾವ ಹೇಳಿಬಿಟ್ಟ. "ನನ್ನ ಹೆಂಡ್ತೀಗ್ರೀ… ಜಯದೇವಿ."

ಕಾಗದದ ಮ್ಯಾಲ ಬರಿಯೂ ಟಾಕಿನ ಸಪ್ಪಳ. ಕಿರ್… ಕಿರ್. ಆಮ್ಯಾಲ ಕೈಯಾಗಿಂದ ಸರಪಳಿ ಸರಕ್ಕಂತ ಜಾರಿತು. ಅಲ್ಲಿ ಯಾರೂ ಇಲ್ಲ. ನೀರಾಗ ಬಿದ್ದ ಸಪ್ಪಳ ಸುದ್ದಾ ಇಲ್ಲ.

ಮುಂಜಾನಿ ಜಹೀರುದ್ದೀನ್‌ನ ಕರಕೊಂಡು ಕಚೇರಿಗಿ ಹೋದ. ಮುನ್ಷಿ ಇವನ ಮಾರಿ ನೋಡಿದ.

"ಯಾವ ಓವರ್‌ಸಿಯರ್? ನಿಮ್ಮ ಕಡಿ ಬರಬೇಕಾದವ ಕಮಲಾಪುರದಾಗ ತೀರಿಕೊಂಡು ಹದಿನೈದು ದಿನ ಆಯ್ತು. ನಿಮ್ಮ ದರಖಾಸ್ತು ಅವನ ಚೀಲದಾಗೇ ಇದ್ವು."

"ಹಂಗಾರ ಬ್ಯಾರೆಯವರನ್ನ ಕಳಸ್ರಿ, ಮುನ್ಷಿ ಸಾಹೇಬ್ರ."

"ಅವ ಚಾರ್ಜ್ ಕೊಡಲಾರದ ಬ್ಯಾರೆಯವ ಹ್ಯಾಂಗ ಬರ್ತಾನ?" ಮುನ್ಷಿ ನಗಲಿಲ್ಲ. ಚಾಷ್ಟಿ ಮಾಡಿದ್ದಲ್ಲ ಅದು.

ಕಾಗದಾನರ ಸಿಗಲಿ ಅಂತ ಇಬ್ಬರೂ ಬಾಡಗಿ ಚಕ್ಕಡಿ ಹತ್ತಿ ಕಮಲಾಪುರಕ್ಕ ಹೋದ್ರು. ಅಲ್ಲಿ ತಳವಾರ ಮಾಪಣ್ಣ ಒಂದು ಬಾವಿ ತೋರಿಸಿದ. ಅದರ ಕಟ್ಟೀನೂ ಬಿದ್ದಿತ್ತು.

"ಇದನ್ನೇ ಅಳೀಲಾಕ ಬಂದಿದ್ರು. ಸರಪಳಿ ಹಿಡಕೊಂಡು ಹಿಂದ ಹಿಂದ ಸರದ್ರು… ಹೋದ್ರು. ಹೆಣ ಸಿಕ್ತು. ಚೀಲ, ಸರಪಳಿ ಸಿಗಲೇ ಇಲ್ಲ."

"ಇನ್ನೂ ಯಾಕ ಕಟ್ಟಿಲ್ಲ ಇದನ್ನ?"

"ಅಳತಿ ಆಗಿಲ್ಲಲ್ರೀ," ಅಂದ ಮಾಪಣ್ಣ.

ಇಬ್ಬರೂ ವಾಪಸ್ ಬಂದ್ರು. ಮಾವ ನಾಕನೇ ದರಖಾಸ್ತು ಬರೆಸಲಿಲ್ಲ. ಯಾರಿಗಿ ಕೊಡೂದು? ಹೊತ್ತು ಮುಳುಗಿದ ಮ್ಯಾಲ ಹೊಸಲಿ ದಾಟಬ್ಯಾಡ ಅಂತ ಜಯದೇವಿ ಕಡಿಂದ ಆಣಿ ಮಾಡಿಸಿಕೊಂಡ. ರಾತ್ರಿ ಬಾಗಲಿಗಿ ಅಡ್ಡ ತಾನೇ ಮಲಗ್ತಿದ್ದ.

"ಏನಾಗ್ಯದ ನಿಮಗ?" ಅಂತ ಆಕಿ ಕೇಳ್ತಿದ್ಲು. ಏನಂತ ಹೇಳಾವ? ನಿನ್ನ ಹೆಸರು ಬರೆಸಿ ಬಂದೀನಿ ಅಂತ ಹೇಳಾವೇನು?

ಎಂಟನೇ ರಾತ್ರಿ ಮಾವಗ ಎಚ್ಚರಾತು. ಅಗಳಿ ಹಾಕಿದ್ದು ಹಾಕಿದಂಗೇ ಅದ. ಕೊಡ ಮೂಲ್ಯಾಗೇ ಅದ. ಆಕಿ ಹಾಸಿಗಿ… ಖಾಲಿ.

ಬೆಳಗಾದ ಮ್ಯಾಲ ಬಾವ್ಯಾಗಿಂದ ಎತ್ತಿದ್ರು.

ಮೈ ತೊಳೆದಾಕಿ ನಮ್ಮವ್ವ. ಸುಳ್ಳು ಹೇಳಾಕಿ ಅಲ್ಲ ಆಕಿ, ನಿಮಗೂ ಗೊತ್ತದ. ಎಡಗೈ ಹೆಬ್ಬೆರಳು ಕರ್ರಗಿತ್ತಂತ… ಶಾಯಿ. ಜಯದೇವಿ ಜನ್ಮದಾಗ ಒಂದು ಕಾಗದಕ್ಕೂ ಹೆಬ್ಬೆಟ್ಟು ಒತ್ತಿದಾಕಿ ಅಲ್ಲ. ರಾತ್ರಿ ಪೂರಾ ನೀರಾಗಿದ್ರೂ ಹೋಗಿರ್ಲಿಲ್ಲ. ಬೂದಿ ಹಚ್ಚಿ ತಿಕ್ಕಿದ್ಲು. ಸೀಗಿಕಾಯಿ ಹಚ್ಚಿ ತಿಕ್ಕಿದ್ಲು. ಖರೇ ಅದ ಇದು, ನಂಬ್ರಿ ಬಿಡ್ರಿ.

ಹಂಗೇ ಮಣ್ಣು ಮಾಡಿದ್ರು.