ಶಶಿಪ್ರಭಾ ಓದಿದ ಕೊನೆ

ಶಿರ್ತಾಡಿಯಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು.

"ನಿನ್ನ ಪಾಲಿನ ಬೀಡಿಯನ್ನೂ ನಾವೇ ಕಟ್ಟಿ ನಿನ್ನ ಹತ್ರ ಕಾದಂಬರಿ ಓದಿಸಿದ್ದು ಸಾರ್ಥಕ ಆಯ್ತು, ಶಶಿಪ್ರಭಾ. ಹುಡುಗಿ ಕೊನೆಗೆ ಟೀಚರ್ ಆದಳಲ್ಲ!"

"ಪುಸ್ತಕದಲ್ಲಿ ಆಗುವುದಿಲ್ಲ, ಸರಸಕ್ಕ. ಬಾವಿಗೆ ಹಾರ್ತಾಳೆ."

"ಅಯ್ಯೋ! ಮತ್ತೆ ನೀನು ಓದಿದ್ದು?"

"ನಾನೇ ಸೇರಿಸಿದ್ದು. ಪ್ರೀತಿ ಮಾಡಿದವಳನ್ನೆಲ್ಲ ಬಾವಿಗೆ ತಳ್ಳುವ ಕಾದಂಬರಿ ನನಗೆ ಆಗುವುದೇ ಇಲ್ಲ. ಅವ ಬಿಟ್ಟುಹೋದರೆ ಇವಳಿಗೆ ಬೇರೆ ಕೆಲಸ ಇಲ್ವಾ?"

ಸರಸಕ್ಕ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡರು.

"ನೀನು ಓದಿದ ಆ ಕೊನೆ ಕೇಳಿಯೇ ನನ್ನ ಮಗಳು ಹೈಸ್ಕೂಲಿಗೆ ಹೋಗ್ತೇನೆ ಅಂತ ಹಟ ಹಿಡಿದದ್ದು. ಬೆಳಿಗ್ಗೆ ಫಾರ್ಮಿಗೆ ಹೆಬ್ಬೆಟ್ಟು ಒತ್ತಿ ಬಂದೆ."

"ಈಗ ಏನು ಮಾಡುವ?"

ಒಳಗಿನಿಂದ ಕರೆದರು. ಸರಸಕ್ಕ ನಗುತ್ತಾ ಮುಂದೆ ಹೋದರು.

"ಆ ಪುಸ್ತಕ ಇವತ್ತೇ ಲೈಬ್ರರಿಗೆ ಕೊಟ್ಟುಬಿಡು, ಮಾರಾಯ್ತಿ. ನನ್ನ ಮಗಳಿಗೆ ಓದ್ಲಿಕ್ಕೆ ಬರ್ತದೆ."