ಗಾಜಿನ ಪೆಟ್ಟಿಗೆಯ ಭೂಮಿ

ಒಂದು ಊರು. ಹೆಸರು ಹೇಳುವುದಿಲ್ಲ; ಹೇಳಿದರೆ ‘ಸದ್ಯ, ನಮ್ಮೂರಲ್ಲ’ ಎಂದು ಆರಾಮಾಗಿ ಗೋಡೆಗೆ ಒರಗಿಬಿಡುತ್ತೀರಿ. ಆ ಊರಲ್ಲೊಬ್ಬ ಸಾಹುಕಾರ. ಕೆಟ್ಟವನಲ್ಲ, ನೋಡಿ. ಊರ ಶಾಲೆಯೆಂದರೆ ಅವನಿಗೆ ಪ್ರಾಣ. ಶಾಲಾ ಕಮಿಟಿಗೆ ಅಧ್ಯಕ್ಷನೂ ಅವನೇ.

ಆ ಶಾಲೆಯಲ್ಲೊಬ್ಬಳು ಹುಡುಗಿ. ಮೇಷ್ಟ್ರು ಪಾಠದ ಮೊದಲ ಸಾಲು ಓದುವಷ್ಟರಲ್ಲಿ ಅವಳಿಗೆ ಕಡೆಯ ಸಾಲು ತಿಳಿದುಬಿಡುತ್ತಿತ್ತು. ಆಮೇಲೆ ಏನು ಮಾಡಬೇಕು ಆ ಮಗು? ಆಕಳಿಸುವುದು, ಕಿಟಕಿಯಾಚೆ ನೋಡುವುದು, ಪಕ್ಕದವಳ ಜಡೆ ಎಳೆದು ಬೈಸಿಕೊಳ್ಳುವುದು. ‘ಜಾಣೆ, ಆದರೆ ಸೋಮಾರಿ’ ಎಂದು ಎಲ್ಲರೂ ಷರಾ ಬರೆದಾಗಿತ್ತು. ಹಸಿದ ಮಗುವಿಗೆ ಊಟ ಬಡಿಸದೆ, ಅಳುತ್ತದೆ ಎಂದು ಬೈದ ಹಾಗೆ!

ಅಷ್ಟರಲ್ಲಿ ಜಿಲ್ಲೆಯಲ್ಲಿ ಭೂಗೋಳ ಸ್ಪರ್ಧೆ ಇದೆಯೆಂದು ಸುದ್ದಿ ಬಂತು. ಗೆದ್ದ ಮಕ್ಕಳನ್ನು ಬೇಸಿಗೆಯಲ್ಲಿ ಕಡಲ ತೀರದ ಶಿಬಿರಕ್ಕೆ ಕರೆದೊಯ್ಯುತ್ತಾರಂತೆ. ಆ ಬಯಲುಸೀಮೆಯ ಹುಡುಗಿ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ‘ಸರ್, ಖರೇನ ಸಮುದ್ರ ತೋರಸ್ತಾರೇನ್ರೀ?’ ಎಂದು ಕೇಳಿದಳು. ಅವತ್ತಿಗೆ ಆಕಳಿಕೆ ನಿಂತಿತು. ಗಾಳಿ ಯಾಕೆ ದಿಕ್ಕು ಬದಲಿಸುತ್ತದೆ, ನದಿ ಯಾಕೆ ಬಳಸಿಕೊಂಡು ಹೋಗುತ್ತದೆ ಎಂದು ಕೇಳಿ ಕೇಳಿ ಮೇಷ್ಟ್ರ ತಲೆ ತಿಂದಳು. ನೋಡಿ, ಹುಡುಗಿ ಅದೇ, ತಲೆ ಅದೇ. ಓಡಲಿಕ್ಕೆ ಒಂದು ಬಯಲು ಬೇಕಿತ್ತು, ಅಷ್ಟೇ.

ಸಾಹುಕಾರನಿಗೆ ಖುಷಿಯೋ ಖುಷಿ. ‘ನಮ್ಮೂರ ಹುಡುಗಿ ಗೆಲ್ಲಬೇಕ್ರೀ’ ಎಂದು ಪೇಟೆಗೆ ಹೋಗಿ ಕುಂಬಳಕಾಯಿ ಗಾತ್ರದ ಗ್ಲೋಬು ತಂದ. ಇಲ್ಲಿಯವರೆಗೆ ಸರಿ. ಇಲ್ಲಿಂದ ಮುಂದೆ ನಮ್ಮ ಜನರ ಬುದ್ಧಿ ಶುರುವಾಯಿತು! ಗ್ಲೋಬಿಗೆ ಅರಿಶಿನ ಕುಂಕುಮ ಹಚ್ಚಿದರು. ಅರ್ಧ ಆಫ್ರಿಕಾ ಕುಂಕುಮದಲ್ಲೇ ಮುಚ್ಚಿಹೋಯಿತು. ಹಾರ ಹಾಕಿದರು, ಕಾಯಿ ಒಡೆದರು. ಹುಡುಗಿ ಆಸೆಯಿಂದ ಕೈ ಮುಂದೆ ಮಾಡಿದಳು. ‘ಏ ಹುಡುಗಿ! ಮುಟ್ಟಿದ್ರ ಕೈ ಮುರೀತೀನಿ. ದೂರ ನಿಂತು ನೋಡು!’ ಎಂದು ಸಾಹುಕಾರ ಗದರಿದ. ಗ್ಲೋಬನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ, ಬೀಗ ಜಡಿದು, ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ಮಗು ದೂರ ನಿಂತೇ ನೋಡಿತು. ಕಂಡದ್ದು ಭಾರತ ಇರುವ ಮಗ್ಗುಲು ಮಾತ್ರ; ಭೂಮಿಯ ಬೆನ್ನು ಗೋಡೆಯ ಕಡೆಗಿತ್ತು. ದಿನವೂ ಕೈ ಹಿಂದೆ ಕಟ್ಟಿಕೊಂಡು, ಕತ್ತು ಓರೆ ಮಾಡಿ ಇಣುಕುತ್ತಿತ್ತು. ಮೇಷ್ಟ್ರು ಹೋಗಿ ಕೀಲಿ ಕೇಳಿದರೆ ಸಾಹುಕಾರ, ‘ಹುಡುಗರ ಕೈಯಾಗ ಕೊಟ್ರ ಉಳೀತೈತೇನ್ರೀ ಮಾಸ್ತರ?’ ಎಂದ. ಯಾತಕ್ಕೆ ಉಳಿಯಬೇಕು ಸ್ವಾಮಿ? ಉಪ್ಪಿನಕಾಯಿ ಹಾಕಲಿಕ್ಕೆ?

ಸ್ಪರ್ಧೆಯ ದಿನ ಸಾಹುಕಾರ ಹೊಸ ಧೋತರ ಉಟ್ಟು ಮುಂದಿನ ಸಾಲಲ್ಲೇ ಕೂತ. ಹುಡುಗಿ ಒಂದೊಂದೇ ಸುತ್ತು ಗೆಲ್ಲುತ್ತಾ ಬಂದ ಹಾಗೆ ಇವನ ಎದೆ ಉಬ್ಬುತ್ತಾ ಬಂತು. ಕಡೆಯ ಸುತ್ತಿಗೆ ಮೇಜಿನ ಮೇಲೊಂದು ಗ್ಲೋಬು ಇಟ್ಟರು. ‘ನೀ ನಿಂತ ಜಾಗದಿಂದ ಭೂಮೀನ ನೆಟ್ಟಗ ಕೊರಕೊಂಡು ಹೋದ್ರ ಆ ಕಡೆ ಎಲ್ಲಿ ಹೊರಗ ಬರ್ತೀಯವಾ? ಗಂಟಿ ಹೊಡಿಯೂದ್ರಾಗ ಬೆರಳಿಟ್ಟು ತೋರಸಬೇಕು’ ಎಂದರು ತೀರ್ಪುಗಾರರು.

ಹುಡುಗಿಯ ಮುಖ ಅರಳಿತು. ಉತ್ತರ ಅವಳಿಗೆ ಗೊತ್ತು. ಅಲ್ಲಿರುವುದು ಸಮುದ್ರ! ಆದರೆ ಅವಳು ಗ್ಲೋಬು ತಿರುಗಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಕತ್ತು ಓರೆ ಮಾಡಿಕೊಂಡು, ಮೇಜಿಗೇ ಸುತ್ತು ಹಾಕಿದಳು. ಸಭೆ ಗೊಳ್ಳೆಂದು ನಕ್ಕಿತು. ಹಿಂದೆ ಹೋಗಿ ಜಾಗ ಹುಡುಕಿ ಬೆರಳು ಚಾಚಿದಳು. ಬೆರಳು ಗಾಳಿಯಲ್ಲೇ ನಿಂತಿತು.

ಸಾಹುಕಾರ ಎದ್ದು ನಿಂತು ಕೂಗಿಕೊಂಡ: ‘ಮುಟ್ಟವಾ! ಮುಟ್ಟಂದ್ರ! ಏನ್ ಸುಡ್ತೈತೇನು ಅದು?’

ಗಂಟೆ ಹೊಡೆಯಿತು. ಬೇರೆ ಊರಿನ ಮಗುವೊಂದು ಬಂದು, ಗ್ಲೋಬನ್ನು ಗಿರ್ರನೆ ತಿರುಗಿಸಿ, ಬೆರಳಿಟ್ಟು ಗೆದ್ದಿತು.

ಹೊರಗೆ ಬಂದ ಸಾಹುಕಾರನಿಗೆ ಮೈಯೆಲ್ಲ ಉರಿ. ‘ಗೊತ್ತಿದ್ದೂ ಯಾಕ ಸುಮ್ಮನ ನಿಂತಿ? ಕೈ ಇದ್ದಿಲ್ಲೇನು ನಿನಗ?’

ಹುಡುಗಿ ಬಿಕ್ಕುತ್ತಾ ಹೇಳಿದಳು: ‘ಮುಟ್ಟಿದ್ರ ಕೈ ಮುರೀತೀನಿ ಅಂದಿದ್ರಲ್ರೀ ಸಾವ್ಕಾರ್ರ.’

ದಾರಿಯುದ್ದಕ್ಕೂ ಸಾಹುಕಾರನಿಗೆ ಸೊಂಟದ ಕೀಲಿ ಚುಚ್ಚುತ್ತಲೇ ಇತ್ತು. ಊರು ತಲುಪಿದವನೇ ಶಾಲೆಗೆ ಹೋಗಿ, ಬೀಗ ತೆಗೆದು, ಗ್ಲೋಬನ್ನು ಅವಳ ಮಡಿಲಲ್ಲಿಟ್ಟ. ಇಟ್ಟರೇನು ಬಂತು? ಆ ಬೇಸಿಗೆಯ ಸಮುದ್ರ ಅವಳಿಗೆ ತಪ್ಪಿಹೋಯಿತು.

ನಗುತ್ತಿದ್ದಿರಲ್ಲ, ಯಾರನ್ನು ನೋಡಿ ನಕ್ಕಿರಿ? ನಿಮ್ಮ ಮಗನಿಗೆ ಬಹುಮಾನ ಬಂದ ಅಟ್ಲಾಸು ಷೋಕೇಸಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹಾಗೇ ಇಲ್ಲವೇ? ದೇವರ ಜಗಲಿಯ ಮೇಲಿನ ವಚನದ ಪುಸ್ತಕಕ್ಕೆ ದಿನಾ ಹೂವು ಏರಿಸುತ್ತೀರಿ, ಅದನ್ನು ಬಿಚ್ಚಿ ಎಷ್ಟು ಕಾಲವಾಯಿತು? ಮಗಳು ಜಾಣೆ ಎಂದು ಬಂದವರ ಮುಂದೆಲ್ಲ ಹೊಗಳುತ್ತೀರಿ. ಅವಳೊಂದು ಪ್ರಶ್ನೆ ಕೇಳಿದರೆ ‘ಸುಮ್ಮನಿರು’! ಸ್ಪರ್ಧೆಗೆ ಕಳಿಸಿ ಎಂದು ಮಠದ ಸ್ವಾಮಿಯಾದ ನಾನೇ ಹೇಳಿದರೂ ‘ಅದರಿಂದ ಏನ್ ಬರ್ತೈತ್ರೀ ಅಪ್ಪಾರ?’ ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಮನೆಗೆ ಹೋದವರೇ ಆ ಪ್ಲಾಸ್ಟಿಕ್ ಹರಿಯಿರಿ. ಪುಸ್ತಕಕ್ಕೆ ಎಣ್ಣೆ ಕೈಯ ಗುರುತು ಬೀಳಲಿ. ಹಾಳೆ ಹರಿದರೆ ಅಂಟಿಸಬಹುದು. ಮಗು ಚಾಚಿದ ಬೆರಳನ್ನು ಹಿಂದಕ್ಕೆ ಎಳೆದುಕೊಂಡರೆ ಯಾವ ಅಂಟು ತರುತ್ತೀರಿ?

ಇನ್ನು, ಮುಂದೆ ಕೂತ ಶಾಲಾ ಕಮಿಟಿಯವರೇ, ತಲೆ ಯಾಕೆ ತಗ್ಗಿಸಿದಿರಿ? ಬರುವ ತಿಂಗಳು ನಮ್ಮ ಮಕ್ಕಳೂ ಭೂಗೋಳ ಸ್ಪರ್ಧೆಗೆ ಹೊರಟಿದ್ದಾರೆ. ನಕಾಶೆ, ಗ್ಲೋಬು ತುಂಬಿಸಿ ಬೀಗ ಹಾಕಿದ್ದೀರಲ್ಲ, ಆ ಬೀರುವಿನ ಕೀಲಿ ಯಾರ ಹತ್ತಿರ ಇದೆ? ಪ್ರಸಾದ ತಡವಾದರೂ ಚಿಂತೆಯಿಲ್ಲ. ಎದ್ದು ಹೋಗಿ ಆ ಕೀಲಿ ತಂದು ಮಾಸ್ತರ ಕೈಗೆ ಕೊಡಿ. ನಾವೆಲ್ಲ ಇಲ್ಲೇ ಕೂತಿರುತ್ತೇವೆ.